ಸುತ್ತಲೂ ನೋಡುವ ಕ್ಯಾಮೆರಾ

ಟೀವಿಯಲ್ಲಿ ವಾಷಿಂಗ್ಟನ್ ಪಾಸ್ ಘಾಟಿಯ ತಿರುವು ಬರುತ್ತಿದ್ದಂತೆ ಚಂದ್ರಮೌಳಿ ಸೋಫಾದ ತುದಿಗೆ ಸರಿದು ಕುಳಿತ. ಹಿಂದಿನ ದಿನವಷ್ಟೇ ಹೆಂಡತಿ ರುಕ್ಮಿಣಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹೋಗಿಬಂದ ದಾರಿ ಅದು. ಹಿಮ ಬಿದ್ದು ಘಾಟಿ ಮುಚ್ಚುವ ಮೊದಲಿನ ಕೊನೆಯ ಸವಾರಿ, ಹೊಸ ಕ್ಯಾಮೆರಾಕ್ಕೆ ಮೊದಲನೆಯದು.

ಆ ಕ್ಯಾಮೆರಾ ಮನೆಗೆ ಬರುವಷ್ಟರಲ್ಲಿ ರುಕ್ಮಿಣಿಗೆ ಸಾಕು ಸಾಕಾಗಿತ್ತು. ಹೆಣ್ಣು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ. ಹೆಲ್ಮೆಟ್ಟಿಗೆ ಕಟ್ಟಿದರೆ ನೋಡುವವರಿಗೆ ತಲೆ ಸುತ್ತುತ್ತದೆ, ಎದೆಗೆ ಕಟ್ಟಿದರೆ ಬರೀ ಹ್ಯಾಂಡಲ್ ಕಾಣುತ್ತದೆ ಎಂದು ಬೇಸಿಗೆಯಿಡೀ ಊಟದ ಹೊತ್ತಿಗೂ ಅದೇ ಪುರಾಣ. ಪೇಟೆಯ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿ ಕೆಲಸ ಮಾಡುವ, ವಾರಾಂತ್ಯಕ್ಕೆ ಜೊತೆಗೆ ಗಾಡಿ ತೆಗೆಯುವ ಗೆಳೆಯ ಸುಹಾಸ್ ಕೊನೆಗೆ ತೀರ್ಪು ಕೊಟ್ಟ. ಎರಡೂ ಕಡೆ ಕಣ್ಣಿರುವ ಕ್ಯಾಮೆರಾ ತಗೊಳ್ಳಿ, ಕೋಲಿಗೆ ಸಿಕ್ಕಿಸಿ ಗಾಡಿಯ ಪಕ್ಕಕ್ಕೆ ನಿಲ್ಲಿಸಿದರೆ ಸುತ್ತಲಿನದೆಲ್ಲ ಸೆರೆಯಾಗುತ್ತದೆ, ಯಾವ ಕಡೆ ತೋರಿಸಬೇಕೆಂದು ಆಮೇಲೆ ಮನೆಯಲ್ಲಿ ಕೂತು ಆರಿಸಿಕೊಳ್ಳಬಹುದು. ಚಂದ್ರಮೌಳಿ ಹೆಂಡತಿಯನ್ನೂ ಒಂದು ಮಾತು ಕೇಳಿದ್ದ. ಯಾವುದಾದರೂ ಸರಿ ಎಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಕ್ಯಾಮೆರಾ ಅಲ್ಲ, ಗಾಡಿ.

ಒಂದು ಸಲ, ಒಂದೇ ಒಂದು ಸಲ, ಮುಂದೆ ಕೂತು ಆ ಘಾಟಿಯ ತಿರುವುಗಳನ್ನು ತಾನೇ ಓಡಿಸಬೇಕು. ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅಣ್ಣ ಮಹೇಶನ ಯಮಹಾ ಎತ್ತಿಕೊಂಡು ಚಾಮುಂಡಿ ಬೆಟ್ಟ ಹತ್ತಿಳಿದವಳು ಅವಳು. ಚಂದ್ರಮೌಳಿ ಅದನ್ನು ಎಜುಕೇಶನ್ ಹಿಲ್ ಬಡಾವಣೆಯ ಗೆಳೆಯರ ಊಟಗಳಲ್ಲಿ ಯಾರದೋ ತಮಾಷೆಯ ಕಥೆಯ ಹಾಗೆ ಹೇಳಿ ನಗಿಸುತ್ತಿದ್ದ. ಇಲ್ಲಿ ಬೈಕಿನ ಲೈಸೆನ್ಸಿಗೆ ವಾರಾಂತ್ಯದ ತರಗತಿ ಇದೆಯಂತೆ ಎಂದು ಅವಳು ಒಮ್ಮೆ ಬಾಯಿಬಿಟ್ಟಾಗ, ಪ್ರೀತಿಯಿಂದಲೇ, "ನಿಂಗ್ಯಾಕೆ ಆ ಕಷ್ಟ, ನಾನಿದೀನಲ್ಲ" ಅಂದಿದ್ದ. ಸಿಟ್ಟಿನಿಂದ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಿನ್ನೆ ಘಾಟಿಯ ಮೇಲೆ ನಿಂತಾಗ ಮತ್ತೆ ಕೇಳಲೇಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದಳು. ಅವನು ಕ್ಯಾಮೆರಾದ ಬ್ಯಾಟರಿ ಬದಲಿಸುತ್ತ ನಿಂತುಬಿಟ್ಟ, ಅವಳು ಕೇಳದೆಯೇ ಹೆಲ್ಮೆಟ್ ಹಾಕಿಕೊಂಡಳು. ಇನ್ನು ಆ ದಾರಿ ತೆರೆಯುವುದು ಚಳಿಗಾಲ ಕಳೆದ ಮೇಲೆ.

"ಈಗ ನೋಡಿ ಮಜಾ" ಎಂದು ಪಕ್ಕದಲ್ಲಿ ಕೂತಿದ್ದ ಸುಹಾಸ್ ಟೀವಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನ ಮೌಸ್ ಹಿಡಿದು ಚಿತ್ರವನ್ನು ಪಕ್ಕಕ್ಕೆ ಎಳೆದ. ರಸ್ತೆ ಸರಿಯಿತು, ಬಂಡೆಗಳು ಸರಿದವು, ಅಕ್ಟೋಬರಿಗೆ ಹಳದಿಯಾದ ಮರಗಳು ಸರಿದವು. ಚಂದ್ರಮೌಳಿ ಕಾಣಿಸಿದ, ಅವನ ಬೆನ್ನ ಹಿಂದೆ ರುಕ್ಮಿಣಿ. ಇಷ್ಟು ವರ್ಷ ಅವನು ತೆಗೆದ ಒಂದು ವಿಡಿಯೋದಲ್ಲೂ ಅವಳು ಇರಲಿಲ್ಲ. ತನ್ನನ್ನು ಅಲ್ಲಿ ಕಂಡು ಅವಳಿಗೆ ಖುಷಿಯೇ ಆಯಿತು.

"ಅತ್ತಿಗೆ, ಕೈಯಲ್ಲಿ ಅದೇನ್ ಮಾಡ್ತಿದೀರಾ?" ಸುಹಾಸ್ ಕೇಳಿದ.

ಆಗಲೇ ಅವಳೂ ನೋಡಿದ್ದು. ತೊಡೆಯ ಮೇಲಿದ್ದ ಎಡಗೈ ಬೆರಳುಗಳು ಇಲ್ಲದ ಕ್ಲಚ್ಚನ್ನು ಹಿಡಿದು ಬಿಡುತ್ತಿದ್ದವು. ಬಲಗೈ ಇಲ್ಲದ ಆಕ್ಸಿಲರೇಟರನ್ನು ತಿರುವುತ್ತಿತ್ತು. ಎಡಗಾಲಿನ ತುದಿ ಬರೀ ಗಾಳಿಯಲ್ಲಿ ಗೇರ್ ಒತ್ತುತ್ತಿತ್ತು. ಹೀಗೆ ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ, ಎಷ್ಟು ವರ್ಷದಿಂದ ನಡೆದಿತ್ತೋ ಏನೋ. ಬಚ್ಚಲಲ್ಲಿ ಹಾಡಿಕೊಂಡದ್ದನ್ನು ಯಾರೋ ಕೇಳಿಸಿಕೊಂಡ ಹಾಗೆ ಅವಳ ಮುಖ ಬಿಸಿಯಾಯಿತು. ಟೀವಿಯಲ್ಲಿದ್ದ ಹೆಂಗಸಿಗೆ ಮಾತ್ರ ನಾಚಿಕೆಯ ಸುಳಿವೇ ಇರಲಿಲ್ಲ. ಕತ್ತು ಉದ್ದ ಮಾಡಿ ಗಂಡನ ಹೆಗಲ ಮೇಲಿಂದ ತಿರುವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿದ್ದ ಆಸೆ ಕಂಡು ರುಕ್ಮಿಣಿಗೆ ಅಳು ಬಂದಂತಾಯಿತು.

ಸುಹಾಸ್ ನಕ್ಕ. ಚಂದ್ರಮೌಳಿಯೂ ನಕ್ಕ. ಪರವಾಗಿಲ್ಲ, ಅಲ್ಲೆಲ್ಲ ಮುಂದಿನ ರಸ್ತೆಯನ್ನೇ ತೋರಿಸಿದರಾಯಿತು, ಇವಳು ಕಾಣುವುದಿಲ್ಲ ಎಂದು ಸಮಾಧಾನ ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಮುಂದಿನ ಸಲ ಕೈ ಸುಮ್ನೆ ಇಟ್ಕೋ ರುಕ್ಕು. ನಾನ್ ಮಾಡೋದನ್ನೇ ಹಿಂದೆ ಕೂತು ನೀನೂ ಮಾಡ್ತಿದ್ರೆ ನೋಡ್ದೋರು ನಗ್ತಾರೆ."

"ನೀವು ಮಾಡೋದನ್ನ ನಾನು ಮಾಡ್ತಿಲ್ಲ ರೀ." ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಸರಿಯಾಗಿ ನೋಡಿ. ಗೇರ್ ಇಳಿಸೋದು ನೀವು ಲೇಟು."

ಅವಳ ತಪ್ಪು ತೋರಿಸಿಯೇ ಬಿಡುತ್ತೇನೆ ಎನ್ನುವವನಂತೆ ಚಂದ್ರಮೌಳಿ ಸುಹಾಸನ ಕೈಯಿಂದ ಮೌಸ್ ತೆಗೆದುಕೊಂಡು ವಿಡಿಯೋವನ್ನು ಹಿಂದಕ್ಕೆ ಎಳೆದ. ತಿರುವು ಬಂತು. ಹಿಂದಿನ ಸೀಟಿನಲ್ಲಿ ರುಕ್ಮಿಣಿಯ ಕಾಲು ಒತ್ತಿತು. ಗಾಡಿ ಹಳೆಯ ಗೇರಿನಲ್ಲೇ ಮುಂದುವರಿದು ರಸ್ತೆಯ ನಡುವಿನ ಹಳದಿ ಗೆರೆಯ ತೀರಾ ಹತ್ತಿರಕ್ಕೆ ಹೋಯಿತು. ಅವನ ಕಾಲು ಒತ್ತಿದ್ದು ಆಮೇಲೆ.

ಅವನು ಮುಂದಿನ ತಿರುವು ಹಾಕಿದ. ಅದರ ಮುಂದಿನದನ್ನೂ ಹಾಕಿದ. ಸುಹಾಸ್ ಈಗ ನಗುತ್ತಿರಲಿಲ್ಲ. ಪ್ರತಿ ಸಲವೂ ಅವಳ ಕಾಲೇ ಮೊದಲು.