ಮಂಜು ಮರೆಯದ ಮಾತು

ಕೊಡಗಿನ ಆ ಬೆಟ್ಟದಲ್ಲಿ ಮಂಜಿಗೆ ನೆನಪಿತ್ತು. ತನ್ನೊಳಗೆ ಆಡಿದ ಮಾತನ್ನು ಅದು ಮತ್ತೆ ಇಳಿದಾಗಲೆಲ್ಲ ಒಪ್ಪಿಸುತ್ತಿತ್ತು. ಅದಕ್ಕೇ ಊರವರು ಜಗಳವನ್ನೂ ಬಿಸಿಲು ಬರುವವರೆಗೆ ತಡೆದುಕೊಳ್ಳುತ್ತಿದ್ದರು.

“ಹವಾ ಸರಿಯಿಲ್ಲ, ವಾಪಸ್ ಬನ್ನಿ ಅಂದ್ರೂ ನಿಮ್ಮ ಮಗಳು ಕೇಳಲಿಲ್ಲಮ್ಮ. ಅವರು ಓಡಿಸ್ತಿದ್ದ ವಿಮಾನ ಇದೇ ಬೆಟ್ಟಕ್ಕೆ ಬಡೀತು,” ಎಂದರು ಬೇರೆ ಊರಿನಿಂದ ಬೊಳ್ಳಮ್ಮನ ಮನೆಗೆ ಬಂದಿದ್ದ ಸೇನಾಧಿಕಾರಿ.

ಬೊಳ್ಳಮ್ಮ ಬೆಲ್ಲದ ಕಾಫಿ ಕೊಟ್ಟು ಕಿಟಕಿ ತೆರೆದಳು. ಮಂಜು ಕಿಟಕಿಗೆ ಬಂತು. ಅದರೊಳಗಿಂದ ಸತ್ತ ಮಗಳ ದನಿ ಕೇಳಿಸಿತು: “ಸರ್, ಏನೂ ಕಾಣ್ತಿಲ್ಲ. ವಾಪಸ್ ಬರ್ಲಾ?”

ಹಿಂದೆಯೇ ವಿಮಾನದ ರೇಡಿಯೋದಲ್ಲಿ ಇದೇ ಅಧಿಕಾರಿಯ ಗದರಿಕೆ: “ಬೇಡ! ಮುಂದೆ ಹೋಗು!”

ಅಧಿಕಾರಿ ಲೋಟ ಕೆಳಗಿಟ್ಟು ಎದ್ದರು. “ಮೊದಲು ಕಿಟಕಿ ಮುಚ್ಚಿ!”

ಬೊಳ್ಳಮ್ಮ ಬಾಗಿಲನ್ನೂ ಹಾರುಹೊಡೆದು ತೆರೆದಳು.

“ಮುಚ್ಚೋಕೆ ಇದು ನಿಮ್ಮ ಫೈಲಲ್ಲ ಸರ್. ಕಾಫಿ ಕುಡೀರಿ. ಮಳೆಗಾಲ ಈಗಷ್ಟೇ ಶುರುವಾಗಿದೆ.”