ಮೂರನೆಯ ಕಿವಿ

ಇಂಚರಳಿಗೆ ಹುಟ್ಟಿನಿಂದಲೇ ಎಡಗಿವಿ ಇರಲಿಲ್ಲ. ಅವಳ ಬಲಗಿವಿಯನ್ನು ಸ್ಕ್ಯಾನ್ ಮಾಡಿ, ಅವಳದೇ ಪಕ್ಕೆಲುಬಿನ ಮೆದು ಎಲುಬಿನಿಂದ ತೆಗೆದ ಜೀವಕೋಶಗಳನ್ನು ಜೆಲ್‌ಗೆ ಬೆರೆಸಿ, ತ್ರೀಡಿ ಪ್ರಿಂಟರ್‌ನಲ್ಲಿ ಪದರ ಪದರವಾಗಿ ಹೊಸ ಕಿವಿ ಮುದ್ರಿಸುವುದು ಸಂಶೋಧಕಿ ಶಾಂಭವಿಯ ಕೆಲಸ. ಮೊದಲೆರಡು ಕಿವಿಗಳು ಮುದ್ರಣ ಮುಗಿಯುವ ಮುಂಚೆಯೇ ಕುಸಿದುಬಿದ್ದವು. ಮೂರನೆಯದು ನಿಂತಿತು.

ಆರು ವಾರ ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ದಿನ ಬಿಟ್ಟು ದಿನ ಪೋಷಕ ದ್ರವ ಬದಲಿಸಿದಳು. ಆದರೂ ಸಮಾಧಾನವಿಲ್ಲ. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದು ಬಂದು ಇಣುಕುತ್ತಿದ್ದಳು.

“ಪದೇ ಪದೇ ಬಾಗಿಲು ತೆಗೀಬೇಡಮ್ಮ, ಬಿಸಿ ಹೋಗುತ್ತೆ,” ಎಂದರು ಅವಳ ಲ್ಯಾಬಿನ ಪ್ರೊಫೆಸರ್.

“ಏನೋ ಒಂದು ಮರ್ತಿದೀನಿ ಅನ್ಸುತ್ತೆ ಸರ್. ಏನು ಅಂತ ಹೊಳೀತಿಲ್ಲ.”

“ಜೀವಕೋಶ ಬದುಕಿವೆ, ಆಕಾರ ನಿಂತಿದೆ. ಸ್ಕ್ಯಾನ್ ಜೊತೆ ನಾನೇ ಹೋಲಿಸಿ ನೋಡ್ದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇನ್ನೇನು ಬೇಕು ನಿನಗೆ?”

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಇಂಚರಳನ್ನು ಅವಳ ತಾಯಿ ಲ್ಯಾಬಿಗೆ ಕರೆತಂದರು. ಮಗಳ ಬಲಗಿವಿಯಲ್ಲಿದ್ದ ಓಲೆಯ ಜೊತೆಯದು ಒಂಬತ್ತು ವರ್ಷದಿಂದ ಅವರ ಪರ್ಸಿನಲ್ಲೇ ಇತ್ತು.

“ಹೊಸ ಕಿವಿಗೂ ಚುಚ್ಚಿಸ್ಬೋದಾ ಮೇಡಂ?”

“ಆರು ತಿಂಗಳಾಗ್ಲಿ ಅಮ್ಮ,” ಎಂದು ಶಾಂಭವಿ ಹೊಸ ಕಿವಿಯಿದ್ದ ಮುಚ್ಚಿದ ಗಾಜಿನ ತಟ್ಟೆಯನ್ನು ಹುಡುಗಿಯ ಕೈಗೆ ಕೊಟ್ಟಳು.

ಇಂಚರ ಅದನ್ನೇ ದಿಟ್ಟಿಸಿದಳು. ತನ್ನ ಕಿವಿಯ ಏರಿಳಿತಗಳನ್ನು ಬೆರಳಿನಿಂದ ಸವರಿ, ಮತ್ತೆ ತಟ್ಟೆ ನೋಡಿದಳು. ಕನ್ನಡಿಯ ಮುಂದೆ ನಿಂತು ಅದನ್ನು ಎಡಗೆನ್ನೆಯ ಪಕ್ಕ ಹಿಡಿದಳು. ಆಮೇಲೆ ಬಲಗೆನ್ನೆಯ ಪಕ್ಕ.

“ಅಕ್ಕಾ, ಇದು ಈ ಕಡೇದಲ್ವಾ? ಈ ಕಡೆ ನಂಗೆ ಕಿವಿ ಇದೆಯಲ್ಲ.”