ಒಂಬತ್ತು ಫೋನುಗಳ ಮೇಷ್ಟ್ರು

ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲೆ ಒಂಬತ್ತು ಫೋನುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಒಂಬತ್ತರಲ್ಲೂ ಒಬ್ಬಳೇ ಹೆಣ್ಣುಮಗಳು, ತರಗತಿಯಲ್ಲಿ ಡಿಜಿಟಲ್ ಸಾಧನ ಬಳಸುವುದು ಹೇಗೆ ಎಂದು ಒಂದೇ ಪಾಠ ಹೇಳುತ್ತಿದ್ದಳು. ಕೇಳುತ್ತಿದ್ದವರು ಡ್ರಿಲ್ ಮೇಷ್ಟ್ರು ಒಬ್ಬರೇ. ಉಳಿದ ಎಂಟು ಮಂದಿ ಉತ್ತರಪತ್ರಿಕೆ ತಿದ್ದುವುದು, ಗ್ಯಾಸ್ ಸಿಲಿಂಡರಿಗೆ ಓಡಾಡುವುದು, ಹಲ್ಲು ಕೀಳಿಸಿಕೊಳ್ಳುವುದು ಮುಂತಾದ ಘನಕಾರ್ಯಗಳಲ್ಲಿದ್ದರು. ಆಟದ ಪೀರಿಯಡ್ಡು ಹೇಗೂ ಗಣಿತಕ್ಕೆ ಹೋಗಿದೆ, ನಿಮಗೇನು ಕೆಲಸ, ನನ್ನದನ್ನೂ ಸ್ವಲ್ಪ ನೋಡಿಕೊಳ್ಳಿ ಎಂದು ಹೆಡ್‌ಮಿಸ್ಟ್ರೆಸ್ ಮೊದಲು ತಮ್ಮ ಫೋನು ಇಟ್ಟು ಹೋಗಿದ್ದರು. ದೊಡ್ಡವರು ದಾರಿ ತೋರಿಸಿದ ಮೇಲೆ ಉಳಿದವರು ಹಿಂದೆ ಬೀಳುತ್ತಾರೆಯೇ? ಮಧ್ಯಾಹ್ನದೊಳಗೆ ಮೇಜು ತುಂಬಿತ್ತು.

ಆನ್‌ಲೈನ್ ತರಬೇತಿಗೆ ಅದರದೇ ಒಂದು ಕಿರಿಕಿರಿ ಇತ್ತು. ಪಾಠದ ನಡುವೆ ಯಾವಾಗೆಂದರೆ ಆವಾಗ ‘ನಾನು ಇಲ್ಲಿದ್ದೇನೆ’ ಎಂಬ ಹಸಿರು ಗುಂಡಿ ಮೂಡುತ್ತಿತ್ತು. ಹತ್ತು ಸೆಕೆಂಡಿನೊಳಗೆ ಒತ್ತದಿದ್ದರೆ ಹಾಜರಿ ಹೋಯಿತು. ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿ ಅಭ್ಯಾಸವಿದ್ದ ಡ್ರಿಲ್ ಮೇಷ್ಟ್ರು, ಫೋನುಗಳನ್ನು ಸರ್ವೀಸಿನ ಪ್ರಕಾರ ಜೋಡಿಸಿದ್ದರು. ಹೆಡ್‌ಮಿಸ್ಟ್ರೆಸ್‌ದು ಮೊದಲು. ತಮ್ಮದು ಕಟ್ಟಕಡೆಗೆ, ಏಕೆಂದರೆ ಬಂದು ಮೂರು ವರ್ಷವಾಗಿದ್ದರೂ ಅವರಿನ್ನೂ ಖಾಯಂ ಆಗಿರಲಿಲ್ಲ; ಈ ತರಬೇತಿ ಪಾಸಾದರೆ ಆಗುವುದಿತ್ತು. ಬೆರಳು ಎಷ್ಟೇ ಚುರುಕಾಗಿ ಓಡಿದರೂ ಒಂಬತ್ತನೆಯ ಫೋನು ಮುಟ್ಟುವಷ್ಟರಲ್ಲಿ ಗುಂಡಿ ಮಾಯವಾಗಿರುತ್ತಿತ್ತು. ಕೊನೆಯಿಂದ ಶುರು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಡ್‌ಮಿಸ್ಟ್ರೆಸ್‌ಗಿಂತ ಮೊದಲು ತಾನು ಹಾಜರಾಗುವುದು ಅವರ ತಲೆಗೆ ಹೊಳೆಯಲೇ ಇಲ್ಲ. ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದರೆ ಹಾಜರಿ ಯಾರು ಕೇಳುತ್ತಾರೆ ಎಂದುಕೊಂಡರು. ಸ್ವತಃ ಮೇಷ್ಟ್ರಾಗಿದ್ದೂ ಹಾಗೆಂದುಕೊಂಡರಲ್ಲ, ಅದು ಆಶ್ಚರ್ಯ.

ಹತ್ತು ದಿನ ಪಾಠ ಕೇಳಿ, ಎಂಟು ಸಲ ಪರೀಕ್ಷೆ ಬರೆದರು. ಅನುಮಾನ ಬಾರದಿರಲಿ ಎಂದು ಅಲ್ಲೊಂದು ಇಲ್ಲೊಂದು ತಪ್ಪು ಮಾಡಿದರು. ಹೆಡ್‌ಮಿಸ್ಟ್ರೆಸ್‌ಗೆ ನೂರಕ್ಕೆ ತೊಂಬತ್ತೆಂಟು, ವಿಜ್ಞಾನದವರಿಗೆ ತೊಂಬತ್ತು, ತಮ್ಮನ್ನು ‘ಪೀಪಿ’ ಎಂದು ಕರೆಯುತ್ತಿದ್ದ ಚಿತ್ರಕಲೆಯವರಿಗೆ ಐವತ್ತೊಂದು. ಒಂಬತ್ತನೆಯ ಸಲ ತಮ್ಮದನ್ನು ಬರೆಯಲು ಕೂತರೆ ಪರದೆ, ಹಾಜರಿ ಸಾಲದು, ಅನುತ್ತೀರ್ಣ ಎಂದಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ಬೈದಳು. ಅಳಿಯಂದಿರು ಖಾಯಂ ಆದರೇ ಎಂದು ಪ್ರತಿ ಭಾನುವಾರ ಫೋನು ಮಾಡುತ್ತಿದ್ದ ಅತ್ತೆಗೆ ಏನು ಹೇಳುವುದೆಂದು ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು.

ಸೋಮವಾರ ಮೇಲಧಿಕಾರಿಯಿಂದ ಆದೇಶ ಬಂತು. ಎಂಟು ಮಂದಿ ಪಾಸಾದ ಶಾಲೆಯಲ್ಲಿ ಒಬ್ಬರೇ ಫೇಲಾಗಿರುವುದು ವಿಷಾದಕರ. ಶಾಲೆಗೇ ಹೆಚ್ಚು ಅಂಕ ಪಡೆದ ಹೆಡ್‌ಮಿಸ್ಟ್ರೆಸ್ ಸ್ವತಃ ಮೂರು ದಿನ ಇವರಿಗೆ ತರಬೇತಿ ನೀಡಬೇಕು. ಖಾಯಂ ಮಾಡಬಹುದೇ ಬೇಡವೇ ಎಂಬ ವರದಿಯನ್ನು ಶುಕ್ರವಾರ ಸಂಜೆ ಐದರೊಳಗೆ ತಾವೇ ಕಂಪ್ಯೂಟರಿನಲ್ಲಿ ಕಳಿಸಬೇಕು, ತಡವಾದರೆ ತಾವೇ ಬಂದು ವಿವರಣೆ ಕೊಡಬೇಕು.

ಬುಧವಾರ ಹೆಡ್‌ಮಿಸ್ಟ್ರೆಸ್ ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು, ಒಮ್ಮೆ ಕಿಟಕಿಯನ್ನೂ ನೋಡಿ ದನಿ ತಗ್ಗಿಸಿದರು.

“ನಿಮಗೆ ನಾನು ಏನೇನು ಕಲಿಸಬೇಕು ಅಂತ ಮೊದಲು ನನಗೆ ಕಲಿಸಿಬಿಡಿ ಮೇಷ್ಟ್ರೇ.”

ಮೇಷ್ಟ್ರು ಕಲಿಸಿದರು. ಮೌಸನ್ನು ಜಿರಲೆ ಅದುಮಿದಂತೆ ಅದುಮಬಾರದು ಎಂಬಲ್ಲಿಂದ ಶುರುವಾಯಿತು. ಹೆಡ್‌ಮಿಸ್ಟ್ರೆಸ್ ಕಷ್ಟಪಟ್ಟರು, ಮರೆತರು, ರೇಗಿದರು, ಕಂಪ್ಯೂಟರನ್ನೇ ಗದರಿದರು. ಮೇಷ್ಟ್ರು ಒಮ್ಮೆಯೂ ಬೇಸರಿಸಲಿಲ್ಲ. ತಾನು ಪಾಠ ಹೇಳಬಲ್ಲೆ ಎಂಬುದು ಅವರಿಗೇ ಆಗ ಗೊತ್ತಾಯಿತು, ಖುಷಿಯೂ ಆಯಿತು.

ಶುಕ್ರವಾರ ನಾಲ್ಕೂಮುಕ್ಕಾಲಿಗೆ ವರದಿ ಬರೆಯುವ ಹೊತ್ತು ಬಂತು. ಹೆಡ್‌ಮಿಸ್ಟ್ರೆಸ್‌ಗೆ ಒಂದೊಂದು ಅಕ್ಷರ ಹುಡುಕುವುದರಲ್ಲೇ ಕತ್ತಲಾದೀತು ಎನ್ನಿಸಿ, ನಾನು ಹೇಳ್ತೀನಿ, ನೀವೇ ಹೊಡೆಯಿರಿ ಎಂದರು. ಮೇಷ್ಟ್ರ ಬೆರಳು ಓಡಿತು. ‘ಅಭ್ಯರ್ಥಿ ಕಲಿಕೆಯಲ್ಲಿ ನಿಧಾನ. ಪಕ್ಕದಲ್ಲಿ ಒಬ್ಬರು ಕೂತು ಹೇಳಿಕೊಟ್ಟರೆ ಹೇಗೋ ನಿಭಾಯಿಸುತ್ತಾರೆ. ಇನ್ನೊಂದು ವರ್ಷ ನೋಡಿ ಖಾಯಂ ಮಾಡುವುದು ಸೂಕ್ತ.’ ಕೊನೆಯ ವಾಕ್ಯಕ್ಕೆ ಬೆರಳು ನಿಂತಿತು.

“ತಪ್ಪು ತಿಳೀಬೇಡಿ,” ಎಂದರು ಹೆಡ್‌ಮಿಸ್ಟ್ರೆಸ್. “ಮೂರೇ ದಿನಕ್ಕೆ ಎಲ್ಲ ಕಲಿತ್ರು ಅಂತ ಬರೆದ್ರೆ, ಮೊದಲು ಯಾಕೆ ಫೇಲಾದ್ರು ಅಂತ ಕೆದಕ್ತಾರೆ. ಎಂಟು ಜನರ ಮರ್ಯಾದೆ ಪ್ರಶ್ನೆ. ಒಂದು ವರ್ಷ ತಾನೇ? ಮುಂದಿನ ತಿಂಗಳು ಎರಡನೇ ಹಂತದ ತರಬೇತಿ ಬೇರೆ ಇದೆ, ನೀವಿಲ್ಲದೆ ನಮಗೆ ಆಗೋದಾ?”

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ವಾಕ್ಯ ಮುಗಿಸಿ, ಚುಕ್ಕೆ ಇಟ್ಟು, ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕೈಕಟ್ಟಿ ಕೂತರು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷವಿತ್ತು.

“ಇದನ್ನ ಕಳಿಸೋಕೆ ಎಲ್ಲಿ ಒತ್ತಬೇಕು?”

“ಗೊತ್ತಿಲ್ಲ ಮೇಡಂ. ನಾನು ಕಲಿಕೆಯಲ್ಲಿ ನಿಧಾನ.”

ಹೆಡ್‌ಮಿಸ್ಟ್ರೆಸ್ ಪರದೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. ಬಾಣದ ಗುರುತು ಪರದೆಯ ಮೂಲೆ ಮೂಲೆ ಸುತ್ತಿ, ಎಲ್ಲೂ ಕೂರಲಾರದೆ ವಾಪಸು ಬಂತು. ಎರಡು ನಿಮಿಷ ಹಾಗೇ ಕಳೆಯಿತು. ಆಮೇಲೆ ಅವರು ಮೇಷ್ಟ್ರ ಕಡೆ ತಿರುಗದೆಯೇ, ಸಣ್ಣ ದನಿಯಲ್ಲಿ, ಬರೆದದ್ದನ್ನು ಅಳಿಸುವುದು ಹೇಗೆ ಎಂದು ಕೇಳಿದರು.

“ಅದು ಮೊದಲನೇ ದಿನದ ಪಾಠ ಮೇಡಂ,” ಎಂದರು ಡ್ರಿಲ್ ಮೇಷ್ಟ್ರು. “ನೀವೇ ಮಾಡಿ, ನಾನು ನೋಡ್ತಾ ಇರ್ತೀನಿ.”